ಒಂಬತ್ತನೇ ಮಂಚದ ಡಾಕ್ಟರು

ನಮ್ಮ ಗುರುಮೂರ್ತಿ ಡಾಕ್ಟರು ಇದನ್ನು ಓದದಿದ್ದರೆ ಒಳ್ಳೆಯದು. ಓದಿದರೆ ನನ್ನ ಮೇಲೆ ರೇಗುತ್ತಾರೆ, ರೇಗಲಿ. ಕೊಟ್ಟೂರಿನ ದಾರಿಯಲ್ಲಿರುವ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಅವರು ಹತ್ತೊಂಬತ್ತು ವರ್ಷ ಹೊರರೋಗಿಗಳನ್ನು ನೋಡಿದರು. ಪಕ್ಕದ ಕಿಟಕಿಯಲ್ಲಿ ಗುಳಿಗೆ ಕೊಡುವವಳು ನಾನು. ನಾಲಿಗೆ ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು, ಚೀಟಿ ಬರೆದು, "ಮೂರು ದಿನ ಬಿಟ್ಟು ಬರ್ರಿ" ಎಂದರೆ ಅವರ ಕೆಲಸ ಮುಗಿಯಿತು. ಮಲಗಿಸಿಕೊಂಡು ನೋಡುವ ರೋಗಿ ನಮ್ಮಲ್ಲಿಲ್ಲ.

ಅವರು ಇದೇ ತಾಲ್ಲೂಕಿನ ದಲಿತರ ಕೇರಿಯಲ್ಲಿ ಹುಟ್ಟಿದವರು. ಮೇಜಿನ ಮೇಲೆ ಸಣ್ಣದೊಂದು ಬುದ್ಧನ ಮೂರ್ತಿ. ಊರಿನವರು ಅವರು ಕೊಟ್ಟ ಗುಳಿಗೆ ನುಂಗುತ್ತಾರೆ. ಅವರ ಮನೆಯ ಚಹಾ ಬಂದರೆ ಮಾತ್ರ, "ಈಗ ಕುಡದ ಬಂದ್ವಿರಿ" ಎಂದು ಜಾರಿಕೊಳ್ಳುತ್ತಾರೆ.

ಶಿವಯೋಗಿ ಅಜ್ಜನೂ ಹಾಗೆಯೇ. ತಿಂಗಳಿಗೊಮ್ಮೆ ಬಿ.ಪಿ. ಗುಳಿಗೆಗೆ ಬರುವ ಲಿಂಗವಂತ ಹಿರಿಯರು. ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಸ್ಟೆತಸ್ಕೋಪ್ ಹತ್ತಿರ ಬಂದೊಡನೆ ಅಜ್ಜ ಎರಡು ಬೆರಳಿನಿಂದ ಕರಡಿಗೆಯನ್ನು ಎಡಭುಜದ ಕಡೆ ಸರಿಸಿಕೊಳ್ಳುತ್ತಿದ್ದರು. ಅಲ್ಲಿಯವರೆಗೆ ಡಾಕ್ಟರು ಕೈ ತಡೆದು ಕಾಯುತ್ತಿದ್ದರು. ಹಾಗೆ ಮಾಡಬೇಕೆಂದು ಯಾರೂ ಯಾರಿಗೂ ಹೇಳಿರಲಿಲ್ಲ.

ಕೊರೊನಾದ ಎರಡನೇ ಅಲೆಯ ಮೇ ತಿಂಗಳಲ್ಲಿ ಹಗರಿಬೊಮ್ಮನಹಳ್ಳಿಯ ಹಾಸ್ಟೆಲ್ಲೊಂದನ್ನು ವಾರ್ಡ್ ಮಾಡಿ, ಹಳ್ಳಿಗಳ ಡಾಕ್ಟರುಗಳನ್ನು ಅಲ್ಲಿಗೆ ಕರೆಸಿಕೊಂಡರು. ಮೂರೇ ದಿನದ ತರಬೇತಿ. ಕಲಿಸಿದವಳು ಶೃತಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರು.

"ಸರ್, ಮುಖ ನೋಡಿ ಅಂದಾಜು ಮಾಡಬ್ಯಾಡ್ರಿ. ನಕ್ಕೋತ ಮಾತಾಡೋರ ಆಕ್ಸಿಜನ್ನೂ ಎಂಬತ್ತಕ್ಕ ಇಳದಿರತೈತಿ. ನಂಬರ್ ನೋಡ್ರಿ. ಕಮ್ಮಿ ಇದ್ರ ಬೋರಲ ಮಲಗಸ್ರಿ."

ಐವತ್ತು ದಾಟಿದ ಮನುಷ್ಯ ಅದನ್ನು ಬಾಯಿಪಾಠ ಮಾಡಿದರು. ಮುಖ ನೋಡಿಯೇ ರೋಗ ಹೇಳುತ್ತಿದ್ದವರಿಗೆ ಮುಖ ನೋಡಬೇಡಿ ಅಂದರೆ ಹೇಗಾಗಿರಬೇಡ! ಮೈತುಂಬ ಬಿಳಿ ಕವಚ, ಮಾಸ್ಕಿನ ಮೇಲೆ ಮಾಸ್ಕು. ಡ್ಯೂಟಿ ಮುಗಿದರೆ ಲಾಡ್ಜಿನ ಕೋಣೆ, ಬಾಗಿಲ ಹೊರಗೆ ಇಟ್ಟು ಹೋದ ಊಟ. ಒಂದು ಸಂಜೆ ನನಗೆ ಫೋನ್ ಮಾಡಿದರು.

"ಮಂಜಮ್ಮ, ಇಲ್ಲಿ ನನಗ ಯಾರ ಹೆಸರೂ ಗೊತ್ತಿಲ್ಲ. ನನ್ನ ಮುಖ ಯಾರಿಗೂ ಗೊತ್ತಿಲ್ಲ. ಒಬ್ಬರಾದ್ರೂ 'ಗುರುಮೂರ್ತಿ ಡಾಕ್ಟ್ರ' ಅಂತ ಕರೆದ್ರ ಸಾಕು ಅನಸೇತಿ."

ಮುಂದಿನದು ಆಮೇಲೆ ಅವರೇ ಹೇಳಿದ್ದು. ಒಂಬತ್ತನೇ ಮಂಚದ ಮುದುಕರು ಎಷ್ಟು ಬೋರಲು ಮಲಗಿಸಿದರೂ ಮತ್ತೆ ಅಂಗಾತ ಹೊರಳುತ್ತಿದ್ದರು. ಆಕ್ಸಿಜನ್ ಎಂಬತ್ತನಾಲ್ಕು. ಮಾತಾಡಲು ಉಸಿರಿಲ್ಲ. ಡಾಕ್ಟರು ಗದರಿಸಿದರು, "ಹೇಳಿದ ಮಾತು ಕೇಳುವುದಿಲ್ಲ" ಎಂದು ಮಂಚದ ನಂಬರಷ್ಟೇ ಇದ್ದ ಹಾಳೆಯಲ್ಲಿ ಬರೆದರು. ಹಾಗೆ ಎರಡು ದಿನ ಹೋಯಿತು. ಇನ್ನೊಂದು ದಿನ ಹೀಗೇ ಆದರೆ ಆ ಜೀವ ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಮೂರನೇ ದಿನ ಉಸಿರಾಟ ನೋಡಲು ಎದೆಯ ಕಡೆ ಕೈ ಚಾಚಿದರು. ಹೊದಿಕೆಯೊಳಗಿಂದ ಎರಡು ಬೆರಳು ನಡುಗುತ್ತ ಮೇಲೆದ್ದು, ಏನನ್ನೋ ಎಡಭುಜದ ಕಡೆ ಸರಿಸಿದವು. ಡಾಕ್ಟರ ಕೈ ತಾನಾಗಿಯೇ ನಿಂತುಬಿಟ್ಟಿತು. ವಿಭೂತಿ ಇಲ್ಲ, ಕನ್ನಡಕ ಇಲ್ಲ, ಗಡ್ಡ ಬೆಳೆದಿದೆ. ಆದರೂ ಶಿವಯೋಗಿ ಅಜ್ಜನೇ.

"ಲಿಂಗ ಮೈಯಡಿಗೆ ಆಗ್ತೈತಂತ ಬೋರಲ ಮಲಗ್ತಿಲ್ಲೇನ್ರಿ?"

ಅಜ್ಜನ ಕಣ್ಣಲ್ಲಿ ನೀರು ಬಂತು. ಹೌದೆಂದು ತಲೆಯಾಡಿಸಿದರು.

"ತೋಳಿಗೆ ಕಟ್ಟಿಕೊಂಡ್ರ ಆಗ್ತೈತೇನ್ರಿ?"

"ಕೈ ನಡುಗ್ತಾವು... ನೀವ ಕಟ್ರಿ."

ಡಾಕ್ಟರಿಗೆ ತನ್ನ ಹೆಸರು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಹೆಸರು ಕೇಳಿ ಅಜ್ಜ ಕೈ ಹಿಂದಕ್ಕೆ ಎಳೆದುಕೊಂಡರೆ? ಮೈಯಿಂದ ಅಗಲದ ಹಾಗೆ ಕರಡಿಗೆಯನ್ನು ಅಜ್ಜನ ಅಂಗೈ ಮೇಲಿಂದಲೇ ದಾಟಿಸಿ, ರಟ್ಟೆಗೆ ಬ್ಯಾಂಡೇಜಿನಿಂದ ಸುತ್ತಿ ಕಟ್ಟಿದರು. ಅಜ್ಜ ಬೋರಲು ಮಲಗಿದರು. ಸಂಜೆಗೆ ತೊಂಬತ್ತೊಂದು. ಹನ್ನೊಂದನೇ ದಿನ ಮನೆಗೆ ಹೋದರು.

ಜುಲೈನಲ್ಲಿ ಡಾಕ್ಟರು ನಮ್ಮ ಕೇಂದ್ರಕ್ಕೆ ಮರಳಿದರು. ಮೊದಲ ವಾರವೇ ಅಜ್ಜ ಬಂದರು.

"ಅಲ್ಲೊಬ್ಬ ಡಾಕ್ಟ್ರು ನನ್ನ ಜೀವ ಉಳಿಸಿದ್ರು ನೋಡ್ರಿ. ಮುಖ ಕಾಣಲಿಲ್ಲ. ಲಿಂಗದ ಸಂಕಟ ತಿಳಿತಂದ್ರ ನಮ್ಮವರ ಇರಬೇಕು."

ಕಿಟಕಿಯಿಂದ ನಾನು ಡಾಕ್ಟರನ್ನೇ ದಿಟ್ಟಿಸಿದೆ. ಹೇಳಿಬಿಡಿ ಸಾರ್, ಹೇಳಿಬಿಡಿ ಎಂದು ಒಳಗೊಳಗೇ ಕುದಿದೆ. ಕೈಲಿದ್ದ ಗುಳಿಗೆ ಪಟ್ಟಿಯನ್ನು ಹಿಂಡಿಬಿಟ್ಟಿದ್ದೆ.

"ಇರಬಹುದ್ರಿ" ಎಂದರು ಡಾಕ್ಟರು. ಸ್ಟೆತಸ್ಕೋಪನ್ನು ಕಿವಿಗೆ ಹಾಕಿಕೊಂಡು ಕೈ ಚಾಚಿದರು, ಅರ್ಧಕ್ಕೆ ತಡೆದರು. ಅಜ್ಜ ಎರಡು ಬೆರಳಿನಿಂದ ಕರಡಿಗೆಯನ್ನು ಸರಿಸಿಕೊಳ್ಳುವವರೆಗೆ ಕಾದರು.