ಸೇತುವೆ ಮ್ಯಾಲಿನ ಮನಷ್ಯಾ ಮತ್ತ ನಮ್ಮವ್ವ

ನಾನು ಬೆಳಗಾವಿಯೊಳಗ ಅಂತರರಾಷ್ಟ್ರೀಯ ಮಾನವ ಹಕ್ಕು ಕಾನೂನಿನಾಗ ಎಲ್‌ಎಲ್‌ಎಂ ಓದಾಕ ಸೇರಿದಾಗ ಪಾರಿಶ್ವಾಡದ ನಮ್ಮ ಮನಿಯಾಗ ಎಲ್ಲಾರಿಗಿಂತ ಜಾಸ್ತಿ ಖುಷಿ ಆದಾವ ನಮ್ಮ ಕಾಕಾ. ಮಾನವ ಹಕ್ಕು ಅಂದ್ರ ಕಾರಿನ ಮುಂದ ಹಚ್ಚೋ ಕೆಂಪು ಬೋರ್ಡು ಅಂತ ಅವ ತಿಳಕೊಂಡಿದ್ದ. ಅಂಥಾ ಬೋರ್ಡು ಇದ್ದ ಗಾಡಿ ಪೊಲೀಸರು ತಡಿಯಂಗಿಲ್ಲ ಅಂತ ಯಾರೋ ಅವನ ತಲಿಯಾಗ ತುಂಬಿದ್ರು. ನಾನು ಅಡ್ಮಿಶನ್ ತಗೊಂಡ ವಾರದಾಗ ತನ್ನ ಬೈಕಿಗೂ ಒಂದು ಬರಿಸಿಕೊಂಡು ಬಂದ. ಕಾಕಾ, ಇದು ಓದೋ ವಿಷಯ, ಅಧಿಕಾರ ಅಲ್ಲ ಅಂತ ಬಾಯಿ ನೋಯುವಂಗ ಹೇಳಿದೆ. ಅಧಿಕಾರ ಇಲ್ಲಂದ ಮ್ಯಾಲ ಯಾಕ ಓದಾಕತ್ತೀದಿ ಅಂತ ಕೇಳಿದ.

ಮನಿಯಾಗ ಖರೇ ಅಧಿಕಾರ ಇದ್ದದ್ದು ಅಜ್ಜಿಗೆ, ಅಂದ್ರ ಅಪ್ಪನ ಅವ್ವಗ. ನಮ್ಮವ್ವನ ತವರುಮನಿ ಗುಂಜಿ. ಬ್ಯಾರೆ ದೇಶ ಏನಲ್ಲ, ಇದ ಖಾನಾಪುರ ತಾಲೂಕು. ಖಾನಾಪುರದ ತನಕ ಬಸ್ಸು, ಅಲ್ಲಿಂದ ರೈಲು, ಮಧ್ಯಾಹ್ನದ ಊಟಕ್ಕ ಹೋಗಿ ಮುಟ್ಟಬಹುದು. ಆದ್ರ ಅವ್ವ ಅಲ್ಲಿಗೆ ಹೋಗಿ ವರ್ಷಾನುಗಟ್ಟಲೆ ಆಗಿತ್ತು. ನಮ್ಮ ಕಡೆ ಹೆಣ್ಣುಮಗಳು ತವರಿಗೆ ಹೋಗಬೇಕಂದ್ರ ತವರಿನವರು ಕರಿಯಾಕ ಬರಬೇಕು, ಗಂಡನ ಮನಿಯವರು ಕಳಸಬೇಕು. ತಾನ ಎದ್ದು ಹೋದ್ರ ಎರಡೂ ಮನಿ ಮರ್ಯಾದಿ ಹೋದಂಗ. ಒಂದು ಪಂಚಮಿಗೆ ಅವ್ವನ ತಮ್ಮ, ನಮ್ಮ ಮಾಮಾ, ಕರಿಯಾಕ ಬಂದಿದ್ದ. ಹೊಲದಾಗ ಕಳೆ ತಗಿಯೋದು ನಡದೈತಿ, ನಾಕು ದಿನ ಬಿಟ್ಟು ಬಾ ಅಂದ್ಲು ಅಜ್ಜಿ. ಮಾಮಾ ಸಿಟ್ಟಾಗಿ, ಮುಂದಿಟ್ಟ ಚಹಾ ಮುಟ್ಟದ ಎದ್ದು ಹೋದ. ಮುಗೀತು. ಚಹಾ ಬಿಟ್ಟು ಹೋದವರು ಮತ್ತ ಬಂದು ಕರೀಲಿ ಅಂತ ಅಜ್ಜಿ, ಕಳಸ್ತೀವಿ ಅಂತ ಮೊದಲು ಹೇಳಿ ಕಳಸ್ರಿ ಅಂತ ಗುಂಜಿಯವರು. ಈ ಮಾತು ಬಂದ್ರ ಅಪ್ಪ ಎಮ್ಮಿಗೆ ನೀರು ಕುಡಸಾಕ ಎದ್ದು ಹೋಗ್ತಿದ್ದ. ನಮ್ಮ ಎಮ್ಮಿ ಕುಡಿದಷ್ಟು ನೀರು ಈ ತಾಲೂಕಿನಾಗ ಮತ್ಯಾವ ಎಮ್ಮೀನೂ ಕುಡಿದಿರಲಿಕ್ಕಿಲ್ಲ.

ನಾನು ಎರಡನೇ ವರ್ಷದಾಗ ಇದ್ದಾಗ ಗುಂಜಿ ಅಜ್ಜಿ, ಅವ್ವನ ಹಡದಾಕಿ, ಬಚ್ಚಲದಾಗ ಜಾರಿ ಬಿದ್ದು ಸೊಂಟ ಮುರಕೊಂಡು ಹಾಸಿಗಿ ಹಿಡಿದ್ಲು. ಫೋನಿನಾಗರ ಮಾರಿ ನೋಡೋಣು ಅಂದ್ರ ಕಾಡಿನ ಅಂಚಿನ ಆ ಮನಿಯೊಳಗ ನೆಟ್‌ವರ್ಕ್ ಇಲ್ಲ. ಮಾಮಾ ಸ್ಟೇಶನ್ ತನಕ ನಡಕೊಂಡು ಬಂದು ವಿಡಿಯೋ ಕಾಲ್ ಹಚ್ಚತಿದ್ದ. ಅವ್ವಗ ಕಾಣತಿದ್ದದ್ದು ಮಾಮಾನ ಗಡ್ಡ, ಹಿಂದ ರೈಲು ಹಳಿ. ಇವತ್ತು ನಾಕು ಗುಟುಕು ಗಂಜಿ ಕುಡಿದ್ಲು, ನಿನ್ನ ಕೇಳಿದ್ಲು ಅಂತ ಅವ ತಮ್ಮ ಮನಿ ಮಾತು ಮರಾಠಿಯೊಳಗ ಹೇಳತಿದ್ದ, ಅವ್ವ ಹೂಂ ಹೂಂ ಅಂತಿದ್ಲು. ಬಂದು ಕರಕೊಂಡು ಹೋಗು ಅಂತ ಆಕಿ ಅನ್ನಲಿಲ್ಲ, ಬರ್ತೀನಿ ಅಂತ ಅವನೂ ಅನ್ನಲಿಲ್ಲ. ಫೋನ್ ಇಟ್ಟ ಮ್ಯಾಲ ಆಕಿ ಹಿತ್ತಲಕ್ಕ ಹೋಗಿ ಅಳತಿದ್ಲು. ನನಗ ಅಜ್ಜಿ ಮ್ಯಾಲ, ಮಾಮಾನ ಮ್ಯಾಲ, ಅಪ್ಪನ ಮ್ಯಾಲ, ಆ ಎಮ್ಮಿ ಮ್ಯಾಲ ಸೈತ ಸಿಟ್ಟು ಬರ್ತಿತ್ತು. ಇಷ್ಟರೊಳಗ ಗುಂಜಿ ಮುದುಕಿ ಹೋಗಿಬಿಟ್ರ ಏನು ಮಾಡೂದು?

ಅದ ಹೊತ್ತಿಗೆ ಕಾಲೇಜಿನಾಗ ಮೂಟ್ ಕೋರ್ಟ್ ಸ್ಪರ್ಧೆ ಬಂತು, ಅಂದ್ರ ಸುಳ್ಳು ಖಟ್ಲೆ, ಖರೇ ವಾದ. ಸರ್ ಕೊಟ್ಟ ಖಟ್ಲೆದಾಗ ಎರಡು ಇಲ್ಲದ ದೇಶ, ನಡುವ ಒಂದು ಹೊಳಿ, ಹೊಳಿಗೆ ಸೇತುವೆ. ದುಡಿಯಾಕ ಹೋಗಿದ್ದ ಒಬ್ಬ ಮನಷ್ಯಾ ತನ್ನ ದೇಶಕ್ಕ ವಾಪಸ್ ಹೊಂಟಾನ. ಬಿಟ್ಟೀವಿ ಅಂತ ನೀವು ಮೊದಲು ಬರಕೊಡ್ರಿ ಅಂತ ಅವನ ದೇಶದವರು, ತಗೋತೀವಿ ಅಂತ ನೀವು ಮೊದಲು ಬರಕೊಡ್ರಿ ಅಂತ ಅವ ದುಡಿದ ದೇಶದವರು. ಅವ ಸೇತುವೆ ಮ್ಯಾಲ ಸಿಕ್ಕೊಂಡಾನ. ನಾನು ಅವನ ಪರ ವಕೀಲೆ. ಬೆಳಗಾವಿ ಕ್ಯಾಂಪ್ ಏರಿಯಾದ ಮರದ ನೆಳ್ಳಾಗ ಅಡ್ಡಾಡಿಕೋತ ಒಬ್ಬಾಕಿನ ವಾದ ಮಾಡಿ ನೋಡಿದೆ, ಹೋಗೋ ಬರೋ ಮಂದಿ ಹುಚ್ಚಿ ಅಂತ ನೋಡಿದ್ರು. ಅದಕ್ಕ ರವಿವಾರ ನಮ್ಮ ಪಡಸಾಲಿಯೊಳಗ ಕೋರ್ಟ್ ಹೂಡಿದೆ. ಅಜ್ಜಿ ನ್ಯಾಯಾಧೀಶರು, ಕಾಕಾ ಎದುರು ವಕೀಲ. ಅವ್ವ ಅಡಗಿಮನಿಯಾಗ ರೊಟ್ಟಿ ಬಡಿಯಾಕತ್ತಿದ್ಲು.

ಎಲ್ಲಾ ಮನಷ್ಯಾರಿಗೂ ತಮ್ಮ ದೇಶಕ್ಕ ವಾಪಸ್ ಹೋಗೋ ಹಕ್ಕು ಐತಿ ಅಂತ ನಾನು ಶುರು ಮಾಡೋದ್ರಾಗ ನ್ಯಾಯಾಧೀಶರು ಕೈ ಎತ್ತಿ ತಡದ್ರು. ಸೇತುವೆ ಮ್ಯಾಲ ಅವ ಏನು ಉಣ್ಣಾಕತ್ತಾನ ಅಂತ ಕೇಳಿದ್ರು. ಅದು ಖಟ್ಲೆದಾಗ ಬರದಿಲ್ಲ ಅಂದೆ. ಬರದಿಲ್ಲ ಅಂದ್ರ ಉಪಾಸ ಅದಾನೇನು, ಲಗ್ನ ಆಗೇತೇನು, ಹೊಳಿ ಗಾಳಿ ಥಂಡಿ ಇರತೈತಿ, ಕಂಬಳಿ ಯಾರು ಕೊಟ್ಟಾರ ಅಂತ ಒಂದರ ಮ್ಯಾಲ ಒಂದು. ಕಂಬಳಿ ನಾ ಒಯ್ದು ಕೊಡ್ತೀನಿ ಅಂದ ಎದುರು ವಕೀಲ. ಕಾಕಾ, ನೀ ಅವನ ವಿರುದ್ಧ ಮಾತಾಡಬೇಕು ಅಂದೆ. ಆ ಬಡವನ ವಿರುದ್ಧ ಮಾತಾಡಾಕ ನನಗೇನು ಬ್ಯಾರೆ ಕೆಲಸ ಇಲ್ಲೇನು ಅಂತ ಎದ್ದು ಹೋಗಿ ಕಟ್ಟಿ ಮ್ಯಾಲ ಕುಂತ. ಅವನ ಜಾಗಾದಾಗ ಅಪ್ಪನ್ನ ಕುಂದರಿಸಿದೆ. ಎರಡೂ ದೇಶದ್ದು ಸ್ವಲ್ಪ ಸ್ವಲ್ಪ ಖರೇ ಐತಿ ಅಂದ ಅಪ್ಪ.

ಅಜ್ಜಿ ಸಿಟ್ಟು ನೆತ್ತಿಗೇರಿತು. “ಅವರು ಕರಿಯವಲ್ರು, ಇವರು ಕಳಸವಲ್ರು. ನಡುವ ಆ ಜೀವ ಒಣಗಾಕತ್ತೈತಿ. ಮನಷ್ಯಾರೇನು ಅವರು? ನಾಳಿ ಮುಂಜಾನಿ ಅವ ಹೋಗ್ಲಿ, ಯಾರ ಅಪ್ಪಣೀನೂ ಬ್ಯಾಡ.”

ರೊಟ್ಟಿ ಬಡಿಯೋ ಸಪ್ಪಳ ನಿಂತಿತು. ಅವ್ವ ಹಿಟ್ಟಿನ ಕೈಲೆ ಬಾಗಿಲಿಗೆ ಬಂದು ನಿಂತ್ಲು.

“ಅತ್ತಿ, ಹಂಗಾರ ನಾಳಿ ಮುಂಜಾನಿ ನಾನೂ ಹೋಗ್ಲೇನ್ರಿ?”

ಖರೇ ಹೇಳ್ತೀನಿ, ಅಲ್ಲಿ ತನಕ ನನಗ ಹೊಳದಿರಲಿಲ್ಲ. ಎಷ್ಟು ಪುಸ್ತಕ ಓದಿದ್ನೋ ಏನೋ, ಹೊಳದಿರಲಿಲ್ಲ. ಅಪ್ಪ ಎಮ್ಮಿ ಕಡೆ ಹೊಂಟಿದ್ದ, ಅಜ್ಜಿ ಗದರಿಸಿ ಕುಂದರಿಸಿದ್ಲು. ಅದು ಬ್ಯಾರೆ, ಇದು ಬ್ಯಾರೆ ಅಂದ್ಲು. ಹೆಂಗ ಬ್ಯಾರೆ ಅಂತ ಕಟ್ಟಿ ಮ್ಯಾಲಿಂದ ಕಾಕಾ ಕೇಳಿದ. ಅಜ್ಜಿ ಎದ್ದು ಹೋಗಿ ಬಾಯಾಗಿನ ಎಲಿ ಅಡಿಕಿ ಉಗುಳಿ ಬಂದ್ಲು. ಕಡೀಕ, ನನ್ನ ಬಾಯಿಲೆ ಬಂದಾತಲ್ಲ, ಹೋಗು, ಆದ್ರ ಒಬ್ಬಾಕಿ ಬ್ಯಾಡ, ಕಳಸಾಕ ನಮ್ಮ ಮನಿ ಕಡಿಂದ ಮೊಮ್ಮಗಳು ಹೋಗಲಿ ಅಂದ್ಲು. ಮುಂದ ಸ್ಪರ್ಧೆಯೊಳಗ ನಾನು ಮೊದಲನೇ ಸುತ್ತಿನಾಗ ಸೋತೆ. ಅಲ್ಲಿ ಕುಂತ ನ್ಯಾಯಾಧೀಶರು ಯಾರೂ ಅವ ಏನು ಉಂಡ ಅಂತ ಕೇಳಲೇ ಇಲ್ಲ.

ಅಜ್ಜಿ ಹೋಗು ಅಂದ ಮರುದಿನ ಗುಂಜಿಯೊಳಗ ರೈಲು ಇಳಿದಾಕಿನ ಅವ್ವ ಅರ್ಧ ಓಡಿಕೋತ ತವರುಮನಿ ಹೊಕ್ಕಳು. ಮಂಚದ ಮ್ಯಾಲ ಗುಂಜಿ ಅಜ್ಜಿ ಹಿಡಿಯಷ್ಟು ಆಗಿದ್ಲು. ಮಗಳನ್ನ ನೋಡಿ ಆಕಿ ಮಾರಿ ಅರಳಿತು. ಆಮ್ಯಾಲ, ಕರಿಯಾಕ ಯಾರು ಬಂದಿದ್ರು ಅಂತ ಕೇಳಿದ್ಲು. ಯಾರೂ ಇಲ್ಲ ಅಂದ್ಲು ಅವ್ವ. ಮುದುಕಿ ಮಾರಿ ಗ್ವಾಡಿ ಕಡೆ ತಿರುವಿದ್ಲು. ಕರೀದ ಬರಾಕ ನನ್ನ ಮಗಳೇನು ಬಿಟ್ಟಿ ಬಿದ್ದಾಳೇನು, ಹೋಗಿ ಸ್ಟೇಶನ್ನಿನಾಗ ಕುಂದರು, ತಮ್ಮ ಬಂದು ಕರಕೊಂಡು ಬರ್ತಾನ ಅಂದ್ಲು. ಆ ತಮ್ಮ ಅಲ್ಲೇ ಮಂಚದ ಬಾಜೂಕ ನಿಂತಿದ್ದ. ನನಗ ನಗಿ ತಡಿಯಾಕ ಆಗಲಿಲ್ಲ. ಅವ್ವ ನಗಲಿಲ್ಲ. ಚೀಲ ಎತ್ತಿಕೊಂಡು ಹೊಂಟ್ಲು.

ಪ್ಲಾಟ್‌ಫಾರ್ಮಿನ ಬೆಂಚಿನ ಮ್ಯಾಲ ಇಬ್ಬರೂ ಕುಂತಿವಿ. ಬರ್ತಾನಿಲ್ಲೋ ಅಂದ್ಲು ಅವ್ವ. ಈಗ ನೋಡಿ ಬಂದೇವಲ್ಲ, ಬರದ ಎಲ್ಲಿಗೆ ಹೋಗ್ತಾನ ಅಂದೆ. ಆದ್ರ ಆಕಿ ಸೆರಗಿನ ತುದಿ ತಿರುವಿಕೋತ ಹಾದಿ ನೋಡತಿದ್ಲು, ಖರೇನ ಹೆದರಿದ್ಲು. ಆಕೀನ್ನ ನೋಡಿ ನನಗೂ ಹೆದರಿಕಿ ಆತು.

ಮಾಮಾ ಬಂದ. ಅಂಗಿ ಬದಲಿ ಮಾಡಿಕೊಂಡು, ತಲಿಗೆ ಟೊಪಿಗಿ ಇಟಗೊಂಡು ಬಂದಿದ್ದ. ಅಕ್ಕನ ಕಡೆ ನೋಡಲೇ ಇಲ್ಲ, ಸೀದಾ ನನ್ನ ಮುಂದ ಬಂದು ಕೈ ಮುಗದ. ಸಣ್ಣಾಕಿದ್ದಾಗ ನನ್ನ ಹೆಗಲ ಮ್ಯಾಲ ಹೊತ್ತು ಅಡ್ಡಾಡಿದ ಮಾಮಾ, ಅಕ್ಕನ ಗಂಡನ ಮನಿ ಭಾಷೆ ಅಂತ ಕನ್ನಡದಾಗ ಕೇಳಿದ.

“ನಮ್ಮ ಅಕ್ಕನ್ನ ಕರಿಯಾಕ ಬಂದೀನ್ರಿ. ಕಳಸ್ತೀರೇನ್ರಿ?”

ನನ್ನ ಹಡದಾಕಿನ್ನ ಆಕಿ ಹಡದಾಕಿ ಕಡೆ ಕಳಸಾಕ ನಾ ಯಾರು ಅಂತ ಅಳು ಬಂತು, ನಾಚಿಕಿ ಆತು. ಬಾಜೂಕ ಅವ್ವ ಚೀಲ ತೊಡಿ ಮ್ಯಾಲ ಇಟಗೊಂಡು ನನ್ನ ಮಾರೀನ ನೋಡಾಕತ್ತಿದ್ಲು, ನಾನು ಏನಂತೀನೋ ಅಂತ.

ಕರಕೊಂಡು ಹೋಗ್ರಿ ಮಾಮಾ ಅಂದೆ. ಅಂದ ಮ್ಯಾಲನ ಅವ್ವ ಬೆಂಚಿನಿಂದ ಎದ್ಲು.