ಹೊಲಿದಿಟ್ಟ ಪುಟಗಳು

ಮೂಳೆ ಆಸ್ಪತ್ರೆಯ ನೆಲಮಹಡಿಯ ಪ್ಲಾಸ್ಟರ್ ಕೋಣೆಯಲ್ಲಿ, ಕೈಕಾಲು ಮುರಿದುಕೊಂಡು ಬಂದವರಿಗೆ ಹತ್ತೊಂಬತ್ತು ವರ್ಷದಿಂದ ಪಟ್ಟಿ ಸುತ್ತುತ್ತಿರುವ ಹೆಂಗಸನ್ನು ಎಲ್ಲರೂ ಪಟ್ಟಿ ಅಕ್ಕ ಎನ್ನುತ್ತಾರೆ. ಡಾಕ್ಟರು ಎಕ್ಸ್‌ರೇ ನೋಡಿ ‘ಆರು ವಾರ’ ಎಂದು ಹೇಳಿ ಹೊರಟುಬಿಡುತ್ತಾರೆ. ಆ ಆರು ವಾರ ಹೊತ್ತು ಹೇಗೆ ಕಳೆಯಬೇಕು ಎನ್ನುವುದು ಪಟ್ಟಿ ಅಕ್ಕನ ಇಲಾಖೆ. ಬಿಳಿ ಪುಡಿ ಮೆತ್ತಿದ ಕೈಯನ್ನು ಒರೆಸಿಕೊಂಡು ಅವಳು ಕಬ್ಬಿಣದ ಬೀರುವಿನ ಕೆಳಗಿನ ಎರಡು ಖಾನೆಗಳನ್ನು ತೆಗೆಯುತ್ತಾಳೆ. ಅಲ್ಲಿರುವುದು ಔಷಧಿಯಲ್ಲ, ಫುಟ್‌ಬಾಲ್ ಆಟಗಾರರ ಆತ್ಮಕಥೆಗಳು. ಒಟ್ಟು ನಲವತ್ತಮೂರು.

“ಮಣಿಕಟ್ಟಾ? ಹಾಗಾದ್ರೆ ನಿಮಗೆ ಗೋಲ್‌ಕೀಪರೇ ಸರಿ. ಮೊಣಕಾಲಿನವರು ಯಾರಪ್ಪಾ? ತಗೊಳ್ಳಿ, ಈ ಪುಣ್ಯಾತ್ಮನಿಗೆ ಎರಡು ಸಲ ಮೊಣಕಾಲು ಹೋಗಿತ್ತು. ಆಮೇಲೂ ಒಂಬತ್ತು ವರ್ಷ ಆಡಿದಾನೆ.”

ಹೀಗೆ ಮೂಳೆ ನೋಡಿ ಪುಸ್ತಕ ಕೊಡುವವಳು ಫುಟ್‌ಬಾಲ್ ಪಂಡಿತೆ ಎಂದುಕೊಂಡರೆ ನಿಮ್ಮಷ್ಟು ಮೋಸ ಹೋದವರು ಇನ್ನೊಬ್ಬರಿಲ್ಲ. ಅವಳು ಒಂದು ಪಂದ್ಯವನ್ನೂ ಪೂರ್ತಿ ನೋಡಿದವಳಲ್ಲ. ಆಫ್‌ಸೈಡ್ ಎಂದರೇನೆಂದು ಗಂಡ ಉಪ್ಪಿನ ಡಬ್ಬಿ, ಲೋಟಗಳನ್ನು ಮೇಜಿನ ಮೇಲಿಟ್ಟು ಮೂರು ಸಲ ವಿವರಿಸಿದ್ದಾನೆ. ಮೂರು ಸಲವೂ ಅವಳು ಲೋಟಗಳನ್ನು ತೊಳೆದು ಸ್ವಸ್ಥಾನದಲ್ಲಿಟ್ಟಿದ್ದಾಳೆ. ಯಾವ ಆಟಗಾರ ಎಷ್ಟು ಗೋಲು ಹೊಡೆದ ಎಂದು ಕೇಳಿದರೆ ಅವಳಿಗೆ ತಿಳಿಯದು. ಯಾವ ಕಾಲಿನ ಯಾವ ಮೂಳೆ ಎಷ್ಟನೇ ಪುಟದಲ್ಲಿ ಮುರಿಯಿತು ಎಂದು ಕೇಳಿ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಾಳೆ.

ಶುರುವಾದದ್ದು ಏಣಿಯಿಂದ ಬಿದ್ದ ಒಬ್ಬ ಬಣ್ಣದ ಕೆಲಸದವನಿಂದ. ಅವನು ಬೆಂಚಿನ ಮೇಲೆ ಇಂಥದೊಂದು ಆತ್ಮಕಥೆ ಮರೆತು ಹೋದ, ಮತ್ತೆ ಬರಲೇ ಇಲ್ಲ. ಪ್ಲಾಸ್ಟರ್ ಹಾಕಿದ ಮೇಲೆ ಅದು ಗಟ್ಟಿಯಾಗುವವರೆಗೆ ರೋಗಿಯೂ ಅಲುಗಾಡುವಂತಿಲ್ಲ, ಪಟ್ಟಿ ಅಕ್ಕನೂ ಬಿಟ್ಟು ಹೋಗುವಂತಿಲ್ಲ. ಆ ಬಿಡುವಿನಲ್ಲಿ ಓದುತ್ತಾ ಓದುತ್ತಾ ಪುಸ್ತಕ ಮುಗಿಯಿತು. ಮುಗಿದ ದಿನ ಅವಳಿಗೆ ಮನೆಯ ನೆಂಟನೊಬ್ಬ ಊರಿಗೆ ಹೋದಷ್ಟು ಬೇಜಾರಾಯಿತು. ಆಮೇಲೆ ಹಳೆ ಪುಸ್ತಕದ ಅಂಗಡಿಯವನಿಗೆ ಹೇಳಿಟ್ಟು ಒಂದೊಂದೇ ಕೂಡಿಸಿದಳು.

ಆದರೆ ಅವಳದೊಂದು ಪದ್ಧತಿಯಿತ್ತು. ಇಂಥ ಪುಸ್ತಕಗಳಲ್ಲಿ ಹೆಚ್ಚಿನವಕ್ಕೆ ಒಂದು ಕೆಟ್ಟ ಅಧ್ಯಾಯ ಇದ್ದೇ ಇರುತ್ತದೆ: ಮೂಳೆ ಮುರಿಯುತ್ತದೆ, ಆಟ ಮುಗಿಯಿತು ಎಂದು ಆಟಗಾರ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ರೋಗಿಗಳಿಗೆ ಪುಸ್ತಕ ಕೊಡಲು ಶುರುಮಾಡಿದ ಎರಡನೆಯ ವರ್ಷ ಅಂಥದೊಂದನ್ನು ಓದಿದ ಲಾರಿ ಚಾಲಕನೊಬ್ಬ ಕುಂಟುತ್ತಾ ಬಂದು, “ಅಕ್ಕಾ, ನನಗೂ ಹೀಗೇ ಆಗುತ್ತಾ?” ಎಂದು ಅತ್ತುಬಿಟ್ಟ. ಅಂದಿನಿಂದ ಪಟ್ಟಿ ಅಕ್ಕ ಆ ಪುಟಗಳನ್ನು ಒಟ್ಟಿಗೆ ಸೇರಿಸಿ, ಅಂಚಿಗೆ ಬಿಳಿ ದಾರದಿಂದ ನಾಲ್ಕು ಹೊಲಿಗೆ ಹಾಕತೊಡಗಿದಳು. ಹೊಲಿಗೆ ಮುಗಿದಲ್ಲಿ ಪಟ್ಟಿಯ ತುಂಡೊಂದನ್ನು ಗುರುತಿಗಿಟ್ಟು, “ಇಲ್ಲಿಂದ ಮುಂದೆ ಓದಿ, ಧೈರ್ಯ ಬರುತ್ತೆ” ಎಂದು ಕೊಡುತ್ತಿದ್ದಳು. ಕಾಲು ಮುರಿದವರ ಮನಸ್ಸನ್ನೂ ಮುರಿಯುವುದೇಕೆ ಎಂಬುದು ಅವಳ ವಾದ. ನಡುವೆ ಏನಿದೆ ಎಂದು ಯಾರಾದರೂ ಕೇಳಿದರೆ, “ಅಲ್ಲೇನೂ ಇಲ್ಲ ಬಿಡಿ” ಎನ್ನುತ್ತಿದ್ದಳು.

ಆ ಹೊಲಿಗೆಯೋ, ದೇವರಿಗೇ ಪ್ರೀತಿ. ಹೊಲಿಗೆಯವಳ ಸೊಸೆ ಎಂದು ಹೇಳಿಕೊಳ್ಳಲು ಅವಳಿಗೆ ಯಾವ ಅರ್ಹತೆಯೂ ಇರಲಿಲ್ಲ. ಅವಳ ಅತ್ತೆ ಮನೆಯ ಮುಂದಿನ ಕೋಣೆಯಲ್ಲಿ ನಲವತ್ತು ವರ್ಷದಿಂದ ಕಾಲಲ್ಲಿ ತುಳಿಯುವ ಮಿಷನ್ ಇಟ್ಟುಕೊಂಡು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿದುಕೊಟ್ಟವರು. ತಪ್ಪಿದ ಒಂದು ಹೊಲಿಗೆಯನ್ನು ಬೀದಿಯ ಆಚೆ ಬದಿಯಿಂದಲೇ ಕಂಡುಹಿಡಿಯುವ ಕಣ್ಣು ಅವರದು.

ಆ ಅತ್ತೆ ಬಟ್ಟೆಯ ಗಂಟು ಹಿಡಿದು ಎರಡೇ ಮೆಟ್ಟಿಲು ಇಳಿಯುವಾಗ ಬಿದ್ದು ಬಲಗಾಲಿನ ಕಣಕಾಲು ಮುರಿದುಕೊಂಡರು. ಸೊಸೆಯೇ ಪಟ್ಟಿ ಸುತ್ತಿದಳು. ಪುಸ್ತಕ ಕೊಡಲು ಹೋದರೆ, “ಚೆಂಡಿನ ಹಿಂದೆ ಓಡೋರ ಕಥೆ ಕೂತವಳಿಗ್ಯಾಕೆ?” ಎಂದು ಮುಖ ತಿರುಗಿಸಿದರು. ಆರು ವಾರ ಹೇಗೋ ಕಳೆಯಿತು. ಪಟ್ಟಿ ತೆಗೆದಾಯಿತು. ಡಾಕ್ಟರು ಹೊಸ ಎಕ್ಸ್‌ರೇ ಬೆಳಕಿಗೆ ಹಿಡಿದು, “ಚೆನ್ನಾಗಿ ಕೂಡಿಕೊಂಡಿದೆ, ಇವತ್ತಿಂದಲೇ ನಡೀರಿ” ಎಂದರು.

ಅತ್ತೆ ನಡೆಯಲಿಲ್ಲ. ನೋವು ಎಂದರು. ವಾಕರ್ ಹಿಡಿದು ಒಂಟಿಕಾಲಲ್ಲಿ ಬಚ್ಚಲಿಗೆ ಕುಪ್ಪಳಿಸಿಕೊಂಡು ಹೋಗಿ ಬಂದು ಮಲಗುವರು. ಒಂದು ದಿನವಾಯಿತು, ಎರಡಾಯಿತು, ವಾರ ಕಳೆಯಿತು. ಹೀಗೇ ಬಿಟ್ಟರೆ ಕೀಲು ಬಿಗಿದುಕೊಂಡು ಮತ್ತೆ ಮಿಷನ್ ತುಳಿಯುವ ಮಾತೇ ಇಲ್ಲ ಎಂದು ಡಾಕ್ಟರು ಎಚ್ಚರಿಸಿದರು. ಮಗ ಕರೆಂಟಿನ ಮೋಟಾರು ಹಾಕಿಸುತ್ತೇನೆ ಎಂದದ್ದಕ್ಕೆ, “ಕಾಲು ತಾಗದ ಮಿಷನ್ ನನ್ನದಲ್ಲ” ಎಂದು ಆ ದಿನ ಊಟವನ್ನೇ ಬಿಟ್ಟರು. ಮಿಷನ್ನಿನ ಮೇಲೆ ಹೊದಿಸಿದ ಬಟ್ಟೆ ಹಾಗೇ ಇತ್ತು.

ಪಟ್ಟಿ ಅಕ್ಕ ಎಣ್ಣೆ ತಿಕ್ಕುವ ನೆಪದಲ್ಲಿ ಕಣಕಾಲನ್ನು ಎಲ್ಲ ಕಡೆ ಒತ್ತಿ ನೋಡಿದಳು. ಅತ್ತೆಯ ಮುಖದ ಒಂದು ಗೆರೆಯೂ ಅಲುಗಲಿಲ್ಲ. ನೋವಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಆದರೆ ಅತ್ತೆಯ ಎದುರು ನಿಂತು ನೀವು ಸುಳ್ಳು ಹೇಳುತ್ತೀರಿ ಎನ್ನುವ ಗುಂಡಿಗೆ ಯಾವ ಸೊಸೆಗಿದೆ? ಒಂಬತ್ತನೆಯ ದಿನ ಬೆಳಗ್ಗೆ, ತನ್ನ ಬತ್ತಳಿಕೆಯಲ್ಲಿದ್ದ ಕೊನೆಯ ಬಾಣವೆಂಬಂತೆ, ಕಣಕಾಲು ಮುರಿದ ಒಬ್ಬ ಡಿಫೆಂಡರ್‌ನ ಆತ್ಮಕಥೆಯನ್ನು ಹಾಸಿಗೆಯ ಮೇಲಿಟ್ಟು, ಏನೂ ಹೇಳದೆ ಕೆಲಸಕ್ಕೆ ಹೋದಳು.

ಸಂಜೆ ಬಂದು ನೋಡಿದರೆ ದಿಂಬಿನ ಮೇಲೆ ಬಿಳಿ ದಾರದ ತುಂಡುಗಳು, ಪಕ್ಕದಲ್ಲಿ ಬ್ಲೇಡು, ಅತ್ತೆಯ ಮೂಗಿನ ಮೇಲೆ ಕನ್ನಡಕ.

“ಇದನ್ನ ಹೊಲಿದೋರು ಯಾರು?”

“ನಾನೇ ಅತ್ತೆ.”

“ಅಂದ್ಕೊಂಡೆ. ಇಷ್ಟು ಕೆಟ್ಟ ಹೊಲಿಗೆ ಈ ಮನೆ ಹೊಸಿಲು ದಾಟಿರಲಿಲ್ಲ. ಬಿಚ್ಚಿ ನೆಟ್ಟಗೆ ಹಾಕೋಣ ಅಂತ ಕೂತೆ.” ಅತ್ತೆ ಪುಸ್ತಕವನ್ನು ಮಡಿಲಿಗೆಳೆದುಕೊಂಡರು. “ಬಿಚ್ಚಿದ ಮೇಲೆ ಓದಿದೆ.”

ಪಟ್ಟಿ ಅಕ್ಕ ಪುಸ್ತಕಕ್ಕೆ ಕೈ ಚಾಚಿದಳು. “ಅಯ್ಯೋ, ಅದನ್ನ ಓದಬಾರದು ಅಂತಾನೇ ಅತ್ತೆ...”

“ಸುಮ್ನೆ ಕೇಳು.” ಅತ್ತೆ ಬೆರಳಿಟ್ಟು ಓದಿದರು: “‘ಪಟ್ಟಿ ಬಿಚ್ಚಿದ ಮೇಲೆ ಹನ್ನೊಂದು ದಿನ ನಾನು ಕಾಲನ್ನು ನೆಲಕ್ಕೆ ಊರಲಿಲ್ಲ. ಕೇಳಿದವರಿಗೆಲ್ಲ ನೋವು ಎಂದೆ. ನೋವಿರಲಿಲ್ಲ. ನನಗೆ ನೆಲ ಕಂಡರೆ ಭಯವಾಗುತ್ತಿತ್ತು. ಹೇಳಿಕೊಳ್ಳಲು ನಾಚಿಕೆ.’” ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಫೋಟೋ ನೋಡಿದ್ಯಾ ಇವನದು? ಬಾಗಿಲಷ್ಟು ಎತ್ತರ ಇದಾನೆ. ಇಂಥವನೂ ಹೆದರಿಕೊಂಡಿದ್ನಲ್ಲೇ.”

ಪಟ್ಟಿ ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತಳು. “ನಿಮಗೂ ನೋವಿಲ್ಲ ಅಲ್ವಾ?”

“ಇಲ್ಲ.” ಅತ್ತೆಯ ದನಿ ತೀರಾ ಸಣ್ಣಗಾಗಿತ್ತು. “ಎರಡು ಮೆಟ್ಟಿಲು ಇಳಿಯೋಕಾಗದೆ ಬಿದ್ದೋಳು. ಮತ್ತೆ ಬಿದ್ರೆ? ಈ ವಯಸ್ಸಲ್ಲಿ ಹೆದರಿಕೆ ಅಂತ ಯಾರ ಹತ್ರ ಹೇಳಲಿ? ನಿನ್ನ ಹತ್ರಾನಾ?”

ಪಟ್ಟಿ ಅಕ್ಕನಿಗೆ, ಹಿಂದೊಮ್ಮೆ ಕಾಲು ಮುರಿದುಕೊಂಡು ಬಂದು ಎರಡೇ ದಿನಕ್ಕೆ ಪುಸ್ತಕ ವಾಪಸು ಕೊಟ್ಟ ಅಂಚೆಯವನೊಬ್ಬ ನೆನಪಾದ. ‘ಇವನು ಧೈರ್ಯಸ್ಥ, ಈ ಪುಸ್ತಕ ನನಗಲ್ಲ ಬಿಡಿ’ ಎಂದಿದ್ದ. ಅವನಿಗೆ ಬೇಕಾಗಿದ್ದುದನ್ನು ತಾನೇ ಹೊಲಿದಿಟ್ಟಿದ್ದಳು. ಇಷ್ಟು ವರ್ಷ ಎಷ್ಟು ಜನ ತಮ್ಮ ಭಯದ ಜೊತೆ ಒಬ್ಬೊಬ್ಬರೇ ಮಲಗಿದ್ದರೋ ಎಂದುಕೊಂಡಳು.

“ನನಗೆ ಇವತ್ತಿಗೆ ಎಷ್ಟು ದಿನ?” ಅತ್ತೆ ಕೇಳಿದರು.

“ಒಂಬತ್ತು.”

“ಅವನು ಹನ್ನೊಂದು ತಗೊಂಡ.”

“ಹೂಂ.”

“ಅಂದ್ರೆ ಈಗ ಇಟ್ರೆ ನಾನು ಅವನಿಗಿಂತ ಎರಡು ದಿನ ಮುಂದೆ.” ಅತ್ತೆ ಹೊದಿಕೆ ಸರಿಸಿದರು. “ಏನ್ ನೋಡ್ತೀಯಾ? ಕೈ ಕೊಡು.”

ಮೊದಲು ಬೆರಳು ತಾಗಿತು, ಆಮೇಲೆ ಹಿಮ್ಮಡಿ. ಸೊಸೆಯ ಮುಂಗೈಯಲ್ಲಿ ಅತ್ತೆಯ ಐದೂ ಉಗುರು ನೆಟ್ಟವು. ಹಾಸಿಗೆಯಿಂದ ಮಿಷನ್ನಿಗೆ ಏಳು ಹೆಜ್ಜೆ. ಅತ್ತೆ ಏಳನ್ನೂ ಬೈಯುತ್ತಲೇ ಇಟ್ಟರು. ಕುರ್ಚಿಯಲ್ಲಿ ಕೂತು, ಬಲಗಾಲನ್ನು ಪೆಡಲಿನ ಮೇಲಿಟ್ಟುಕೊಂಡು, ಉಸಿರು ಬಿಟ್ಟು ಕೇಳಿದರು:

“ಇನ್ನೆಷ್ಟು ಪುಸ್ತಕ ಹೀಗೆ ಹಾಳು ಮಾಡಿದೀಯಾ?”

“ಮೂವತ್ತೇಳು.”

“ಎಲ್ಲಾ ತಗೊಂಡ್ ಬಾ. ನೀನು ಬ್ಲೇಡ್ ಮುಟ್ಟಬೇಡ, ಪುಟ ಹರೀತೀಯಾ.”

ಈಗ ಬೀರುವಿನ ಪುಸ್ತಕಗಳಲ್ಲಿ ದಾರವಿಲ್ಲ. ಪಟ್ಟಿಯ ತುಂಡು ಕೆಟ್ಟ ಅಧ್ಯಾಯದ ಮೊದಲ ಪುಟಕ್ಕೆ ಬಂದಿದೆ. ಆದರೆ ಸೂಜಿ ಚುಚ್ಚಿದ ತೂತುಗಳು ಉಳಿದಿವೆ. ಮೊನ್ನೆ ಮೊಣಕಾಲಿಗೆ ಪಟ್ಟಿ ಹಾಕಿಸಿಕೊಂಡ ಶಾಲಾ ಮಾಸ್ತರರೊಬ್ಬರು ಪುಟದ ಅಂಚನ್ನು ಬೆರಳಿನಿಂದ ಸವರಿ, ಇದೇನು ಎಂದು ಕೇಳಿದರು.

“ಅದು ನನ್ನ ತಪ್ಪು ಸಾರ್,” ಎಂದಳು ಪಟ್ಟಿ ಅಕ್ಕ. “ಅಲ್ಲಿಂದಲೇ ಶುರು ಮಾಡಿ.”