ಗೋದಾಮಿನೊಳಗಿನ ಸಮಾಧಿ

ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿದೆ. ಹಾಲು ಕಾಯಿಸಿದೆ. ರೊಟ್ಟಿ ಬಡಿದು ಯಜಮಾನರ ಬುತ್ತಿ ಕಟ್ಟಿದೆ. ಮಾವನ ಧೋತರ ಒಣಗಿದೆಯೇ ಎಂದು ಮುಟ್ಟಿ ನೋಡಿದೆ. ಎಡೆಗೆ ಸಿಹಿ ಸಜ್ಜಕ ಮಾಡಿ ಡಬ್ಬಿಗೆ ತುಂಬಿದೆ. ಬಿಲ್ವಪತ್ರೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಆಮೇಲೆ ಮಾವನೂ ನಾನೂ ಜಹೀರಾಬಾದಿನಿಂದ ತಾಂಡೂರಿನ ದಾರಿ ಹಿಡಿದೆವು.

ಅಮಾವಾಸ್ಯೆ ದಿನ ಮಾವ ಅತ್ತೆಯ ಸಮಾಧಿಗೆ ನೀರು ಹಾಕಿ, ಪತ್ರೆ ಇಟ್ಟ ಮೇಲೆಯೇ ಉಣ್ಣುವುದು. ನಮ್ಮಲ್ಲಿ ಹೂಳುವ ಪದ್ಧತಿ. ಅತ್ತೆಯನ್ನು ತಾಂಡೂರಿನ ಹೊರಗೆ ನಮ್ಮ ತೊಗರಿ ಹೊಲದಲ್ಲೇ ಹೂಳಿದ್ದೆವು. ಆಮೇಲೆ ಮಾರಿದ ಆ ಹೊಲದಲ್ಲಿ ಈಗ ದೊಡ್ಡ ಗೋದಾಮು ಎದ್ದಿದೆ. ಸಮಾಧಿ ಅಲುಗಿಸುವುದಿಲ್ಲ, ನೀವು ಬಂದು ಹೋಗಬಹುದು ಎಂದು ಗೋದಾಮಿನವರು ಮಾತು ಕೊಟ್ಟಿದ್ದರು. ಹೊಸ ಗೇಟು ಶುರುವಾದ ಮೇಲೆ ಇದೇ ಮೊದಲ ಅಮಾವಾಸ್ಯೆ.

ಆ ಗೇಟು, ಗೋಡೆ, ದೀಪದ ಕಂಬ ಎಲ್ಲವೂ ನಾನು ಬರೆದ ನಕ್ಷೆಯವು. ದೊಡ್ಡ ಜಾಗಗಳಿಗೆ ಕಾವಲು ಹೇಗಿರಬೇಕೆಂದು ನೋಡಿ ಹೇಳುವುದು ನನ್ನ ಕೆಲಸ. ಮೊದಲು ಗೋಡೆಯ ಹೊರಗೆ ಕಳ್ಳನ ಹಾಗೆ ಸುತ್ತಬೇಕು. ಯಾವ ಮರದ ಕೊಂಬೆ ಗೋಡೆಯ ಮೇಲೆ ಬಾಗಿದೆ, ಯಾವ ಮೋರಿಯಲ್ಲಿ ಮನುಷ್ಯ ತೂರಬಹುದು, ಎಲ್ಲಿ ಬೆಳಕು ಹರಿಯುವುದಿಲ್ಲ. ಸಮಾಧಿ ಹೊರಗೆ ಉಳಿಯುವಂತೆ ಗೋಡೆಯನ್ನು ಒಂದು ಕಡೆ ಬಾಗಿಸಬಹುದೇ ಎಂದು ಗೆರೆ ಎಳೆದು ನೋಡಿದ್ದೆ. ಬಾಗಿದಲ್ಲಿ ಯಾವ ಕ್ಯಾಮೆರಾಕ್ಕೂ ಕಾಣದ ಮೂಲೆ ಹುಟ್ಟುತ್ತಿತ್ತು. ನೇರ ಗೋಡೆಯೇ ಸರಿ ಎಂದು ಬರೆದುಕೊಟ್ಟೆ. ಈಗ ಕೇಳಿದರೂ ಹಾಗೇ ಬರೆದುಕೊಡುತ್ತೇನೆ.

ಬಸ್ಸಿನಲ್ಲಿ ಮಾವ ನಗಾಡುತ್ತಲೇ ಇದ್ದರು. "ನಿಮ್ಮತ್ತಿ ಸಮಾಧಿಗಿ ಭಾಳ ಬಂದೋಬಸ್ತ್ ಮಾಡೀದಿ ನೋಡವಾ. ಕ್ಯಾಮ್ರಾ, ಸಿಪಾಯಿ, ಮ್ಯಾಲ ಮುಳ್ಳಿನ ತಂತಿ. ಬದುಕಿದ್ದಾಗ ಬಾಗಲಿಗಿ ಚಿಲಕಾ ಸುದ್ದಾ ಹಾಕ್ತಿದ್ದಿಲ್ಲ ಆಕಿ."

"ಹಾಕದ್ದಕ್ಕೇ ಬೆಕ್ಕು ದಿನಾ ಹಾಲು ಕುಡೀತಿತ್ರಿ, ಮಾವಾರ."

"ಕುಡೀಲಿ ಬಿಡು. ಅದರದೂ ಹೊಟ್ಟಿ ಅಲ್ಲೇನು?"

ಗೇಟಿನಲ್ಲಿ ಲೋಹ ಪತ್ತೆ ಮಾಡುವ ಚೌಕಟ್ಟು ನಿಂತಿದೆ. ಫೋನು, ಡಬ್ಬಿ ತಟ್ಟೆಯಲ್ಲಿಟ್ಟು ನಾನು ದಾಟಿದೆ, ಸದ್ದಾಗಲಿಲ್ಲ. ಮಾವ ದಾಟಿದರು, ಕಿರುಚಿತು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ನನ್ನ ಲಿಂಗ ಬಟ್ಟೆಯಲ್ಲಿ ಕಟ್ಟಿದ್ದು. ಕೆಲಸ ನಡೆಯುವಾಗ ಎಷ್ಟೋ ಸಲ ಅದೇ ಚೌಕಟ್ಟಿನಲ್ಲಿ ಹಾದುಹೋಗಿದ್ದರೂ ಕರಡಿಗೆಯ ನೆನಪು ನನಗೆ ಬಂದಿರಲಿಲ್ಲ.

ಕಾವಲಿಗಿದ್ದ ಹುಡುಗ ಕಂಗ್ಟಿ ಕಡೆಯವನು, ನಮ್ಮದೇ ಮಾತು. "ಅಜ್ಜಾರ, ಕೊಳ್ಳಾಗಿಂದು ತಗದು ಈ ತಟ್ಟ್ಯಾಗ ಇಡ್ರಿ. ಹೋಗೂ ಮುಂದ ಕೊಡ್ತೀನಿ."

"ಲಿಂಗ ಅದ ತಮ್ಮಾ. ಉಸಿರಿರೂತನ ಮೈಮ್ಯಾಲಿಂದ ತಗಿಯಂಗಿಲ್ಲ."

"ನಮ್ಮವ್ವನೂ ಕಟ್ಟಿಕೊಂತಾಳ್ರಿ, ನನಗ ತಿಳಿಯಂಗಿಲ್ಲೇನು? ಬಿಟ್ಟರ ನನ್ನ ನೌಕರಿ ಹೋಗ್ತದ." ಅವನು ನನ್ನ ಕಡೆ ತಿರುಗಿದ. "ಲೋಹ ಇದ್ದವರಿಗಿ ಯಾರಿಗೂ ಬಿಡಬ್ಯಾಡ್ರಿ, ಮಾಲಕರಿಗೂ ಬಿಡಬ್ಯಾಡ್ರಿ ಅಂತ ನೀವೇ ಹೇಳೀರಂತಲ್ರಿ, ಅಕ್ಕಾರ?"

ಹೌದು, ನಾನೇ ಹೇಳಿದ್ದೆ. ಒಬ್ಬರಿಗೆ ಬಿಟ್ಟ ಗೇಟು ಗೇಟಲ್ಲ. ಆದರೂ ಮೇಲಿನ ಅಧಿಕಾರಿಗೆ ಅವನ ಎದುರೇ ಫೋನು ಮಾಡಿದೆ. ನೀವು ಬರೆದದ್ದನ್ನು ನೀವೇ ಮುರಿಯುತ್ತೀರಾ ಮೇಡಂ, ಎಂದರು.

ಮಾವನನ್ನು ಬದಿಗೆ ಕರೆದೆ. "ಲಿಂಗ ಅರಿವ್ಯಾಗ ಕಟ್ಟಿಕೊಡ್ತೀನ್ರಿ. ಕರಡಿಗಿ ಅಷ್ಟೇ ತಟ್ಟ್ಯಾಗ ಇಡ್ರಿ. ನಾ ಇಲ್ಲೇ ಕಾಯ್ತೀನಿ."

ಅವರು ಕರಡಿಗೆಯ ಮೇಲೆ ಕೈ ಇಟ್ಟುಕೊಂಡರು. "ಈ ಬೆಳ್ಳಿ ಯಾವುದು ಅಂತ ಮರತ್ಯೇನವಾ?"

ಮರೆತಿರಲಿಲ್ಲ. ಅತ್ತೆ ಹೋದ ಮೇಲೆ ಆಕೆಯ ಸೊಂಟದ ಡಾಬನ್ನೇ ಕರಗಿಸಿ ಮಾಡಿಸಿದ ಕರಡಿಗೆ ಅದು.

"ಇದನ್ನ ಮಂದಿ ತಟ್ಟ್ಯಾಗ ಇಟ್ಟು, ಬರೇ ಮೈಯಿಂದ ಹೋಗಿ ಆಕಿಗಿ ಏನು ಹೇಳ್ಲಿ? ನಡಿ."

ಬಸ್‌ ನಿಲ್ದಾಣದ ಕಡೆ ಹೊರಡಲಿಲ್ಲ ಅವರು. ಗೋಡೆ ಹಿಡಿದು ನಡೆಯತೊಡಗಿದರು. "ಎಲ್ಲಿ ಬರ್ತದ? ನಕಾಶಿ ನಿಂದೇ ಅಲ್ಲ?" ಎಂದರು. ಸಮಾಧಿಯ ನೇರಕ್ಕೆ ಬರುವ ದೀಪದ ಕಂಬ ನನಗೆ ಗೊತ್ತಿತ್ತು. ಅಲ್ಲಿ ನಿಲ್ಲಿಸಿದೆ. ಮಾವ ಕೂತು ಗೋಡೆಯ ಬುಡಕ್ಕೆ ನೀರು ಹಾಕಿ ಪತ್ರೆ ಇಟ್ಟರು. ನೀರು ಒಳಗೆ ಹರಿಯಲಿಲ್ಲ. ಬುನಾದಿ ಆಳಕ್ಕೆ ಹಾಕಿಸಿದ್ದೆ. ನೀರು ನಮ್ಮ ಕಾಲ ಕಡೆಗೇ ತಿರುಗಿ ಬಂತು.

ಮೇಲಿನ ಕ್ಯಾಮೆರಾ ನಮ್ಮತ್ತ ತಿರುಗಿ ನಿಂತಿತು.

"ಇದರಾಗ ನಾವು ಕಾಣ್ತೀವೇನವಾ?"

"ಕಾಣ್ತೀವ್ರಿ."

"ಒಳಗಿಂದು?"

"ಅದೂ ಕಾಣ್ತದ್ರಿ."

"ಆತು ಬಿಡು. ಯಾರರ ನೋಡ್ತಾರಲ್ಲ ಆಕಿನ್ನ."

ಮತ್ತೆ ಬರುವ ಮಾತು ಅವರು ಎತ್ತಲಿಲ್ಲ.

ಮನೆ ಮುಟ್ಟಿದ ಮೇಲೆ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆ ಸಾರು ಬಡಿಸಿದೆ. ಎಡೆ ಹಿಡಿಯದೆ ಮರಳಿ ತಂದ ಸಜ್ಜಕವನ್ನು ಮೂವರೂ ಹಂಚಿಕೊಂಡೆವು. ಮಾವ ತಮ್ಮ ಪಾಲಿನದರಲ್ಲಿ ಸ್ವಲ್ಪ ತಟ್ಟೆಯ ಅಂಚಿಗೆ ತೆಗೆದಿಟ್ಟರು. ನಮ್ಮ ಮನೆಯಲ್ಲಿ ದಿನಾ ಮೊದಲು ನಿದ್ದೆ ಹೋಗುವವರು ಮಾವ. ಇವತ್ತು ಯಜಮಾನರು ಮೊದಲು ಮಲಗಿದರು.